ಗಿರಿಜಮ್ಮ ಬಂದಳೋ, ಬಂದರೋ?

(ಕಥೆ ಬರೆಯುವವರ, ಓದುವವರ ನಡುವಿನ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಅರ್ಧಕಥೆ:
ಹನ್ನೆರಡು ಪುಟದ ಕಥೆಯೊಂದು ಪತ್ರಿಕೆಯಿಂದ ಮರಳಿ ಬಂದಿದೆ. ಮರಳಿ ಬರುವುದು ನನಗೆ ಹೊಸದಲ್ಲ. ಆದರೆ ಈ ಸಲ ಸಂಪಾದಕರು ಕಾರಣವನ್ನೂ ಬರೆದಿದ್ದಾರೆ, ಅದೇ ತಲೆನೋವಾಗಿದೆ.

ಕಥೆ ಇಷ್ಟು. ಶಿವಮೊಗ್ಗದ ಒಬ್ಬ ವಕೀಲರ ಮನೆಯಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿಕೊಂಡಿದ್ದ ಗಿರಿಜಮ್ಮ ಒಂದು ದಿನ ಯಾರಿಗೂ ಹೇಳದೆ ಹೊರಟುಹೋಗುತ್ತಾಳೆ. ಹೇಳುವವನು ಆ ಮನೆಯ ಮಗ, ‘ನಾನು’. ನಡುವೆ ಒಂದು ರಾತ್ರಿಯ ದೃಶ್ಯವಿದೆ. ಎಲ್ಲರೂ ಮಲಗಿದ ಮೇಲೆ ಗಿರಿಜಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಮಗಳಿಂದ ಬಂದ ಕಾರ್ಡನ್ನು ಓದಿ, ಒಲೆಗೆ ಹಾಕುತ್ತಾಳೆ. ಸಂಪಾದಕರ ಪ್ರಶ್ನೆ ಒಂದೇ ಸಾಲಿನದು: ಬಾಗಿಲು ಹಾಕಿದ ಅಡುಗೆಮನೆಯಲ್ಲಿ ನಡೆದದ್ದು ಮಹಡಿಯಲ್ಲಿ ಮಲಗಿದ್ದ ಹುಡುಗನಿಗೆ ಹೇಗೆ ತಿಳಿಯಿತು?

ಹುಡುಗ ಬಾಗಿಲ ಸಂದಿಯಿಂದ ಇಣುಕಿದ ಎಂದು ಬರೆಯಬಹುದು, ಆದರೆ ಅದು ಹಳೆಯ ಸಿನಿಮಾದ ಹಾಗಾಗುತ್ತದೆ. ‘ನಾನು’ ತೆಗೆದು ‘ಅವನು’ ಮಾಡಬಹುದು. ಇಲ್ಲವೇ ಕಥೆಯನ್ನು ಗಿರಿಜಮ್ಮನ ಬಾಯಿಗೇ ಕೊಟ್ಟುಬಿಡಬಹುದು. ಕಥೆಯನ್ನು ಲಗತ್ತಿಸಿದ್ದೇನೆ. ಓದಿ ಬೈಯಿರಿ.

ಪಡುವಲಪಾಯ:
ಬೈಯಬೇಕಾದದ್ದು ಸಂಪಾದಕರನ್ನು. ನಾನು ಯಕ್ಷಗಾನ ನೋಡಿಕೊಂಡು ಬೆಳೆದವನು. ಭಾಗವತರು ಮಂಡೋದರಿಯ ಅಳಲನ್ನೂ ಹಾಡುತ್ತಾರೆ, ರಾವಣನ ಮನಸ್ಸಿನೊಳಗಿನ ಕುದಿತವನ್ನೂ ಹಾಡುತ್ತಾರೆ. ಅದೇ ರಾವಣ ರಂಗಕ್ಕೆ ಬಂದರೆ ಏನೂ ತಿಳಿಯದವರ ಹಾಗೆ ‘ತಾವು ಯಾರು?’ ಎಂದು ಕೇಳುವವರೂ ಅವರೇ. ‘ಭಾಗವತರೇ, ಇದೆಲ್ಲ ನಿಮಗೆ ಹೇಗೆ ಗೊತ್ತು?’ ಎಂದು ಸಭೆಯಲ್ಲಿ ಯಾರಾದರೂ ಎದ್ದು ನಿಂತದ್ದನ್ನು ನಾನಂತೂ ಕಂಡಿಲ್ಲ. ಕುಮಾರವ್ಯಾಸನಂತೂ ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಎಂದು ಆರಂಭದಲ್ಲಿಯೇ ಹೇಳಿ ನಿಶ್ಚಿಂತನಾದ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿ ಎಂಬ ಪಾತ್ರಕ್ಕೆ ಸಿಗುವಷ್ಟೇ ಮಮತೆಯ ಗಮನ ಅವನ ನಾಯಿ ಹುಲಿಯನಿಗೂ ಸಿಗುತ್ತದೆ. ನಾಯಿಯನ್ನು ಅಷ್ಟು ಬಲ್ಲವರಿಗೆ ಅಡುಗೆಮನೆಯ ಬಾಗಿಲು ಯಾವ ಲೆಕ್ಕ? ಒಂದು ಅಕ್ಷರವನ್ನೂ ಬದಲಾಯಿಸಬೇಡಿ.

ಕರಡು ತಿದ್ದುವವಳು:
ಭಾಗವತರು ರಾವಣನ ಮಗನಲ್ಲವಲ್ಲ ಸ್ವಾಮಿ. ಅವರು ಕಥೆಯ ಹೊರಗೆ ಕುಳಿತು ತಾಳ ಹಿಡಿದವರು. ಕುವೆಂಪು ಅವರ ನಿರೂಪಕನೂ ಆ ಕಾದಂಬರಿಯೊಳಗಿನ ಮೇಗರವಳ್ಳಿಯ ನಿವಾಸಿಯಲ್ಲ. ಈ ಕಥೆಯ ‘ನಾನು’ ಆ ಮನೆಯ ಅನ್ನ ತಿಂದು, ಆ ಮಹಡಿಯಲ್ಲಿ ಮಲಗಿದವನು. ‘ನಾನು’ ಎಂದ ಕೂಡಲೇ ಅವನಿಗೆ ಎರಡೇ ಕಣ್ಣು, ಎರಡೇ ಕಿವಿ. ಆ ಕಟ್ಟುಪಾಡನ್ನು ಒಪ್ಪಿಕೊಂಡವರು ಲೇಖಕರೇ ಹೊರತು ಸಂಪಾದಕರಲ್ಲ.

ಆದರೆ ನಾಲ್ಕನೆಯ ದಾರಿ ಕನ್ನಡದಲ್ಲಿಯೇ ಇದೆ: ‘ಅಂತೆ’. ಅಜ್ಜಿ ಕಥೆ ಹೇಳುವಾಗ ‘ಒಂದೂರಿನಲ್ಲಿ ಒಬ್ಬ ರಾಜ ಇದ್ದನಂತೆ’ ಎನ್ನುತ್ತಾಳೆ. ಒಂದು ಪ್ರತ್ಯಯದಲ್ಲಿ ‘ನಾನು ಕಂಡಿಲ್ಲ, ಕೇಳಿದ್ದೇನೆ, ನಂಬುವುದು ಬಿಡುವುದು ನಿನಗೆ ಸೇರಿದ್ದು’ ಎಂಬುದೆಲ್ಲ ಬಂದುಬಿಡುತ್ತದೆ. ‘ಗಿರಿಜಮ್ಮ ಕಾರ್ಡು ಓದಿದಳು’ ಎಂದರೆ ಹುಡುಗ ಸುಳ್ಳುಗಾರ. ‘ಓದಿದಳಂತೆ’ ಎಂದರೆ ಯಾರು ಹೇಳಿದರು ಎಂಬ ಕುತೂಹಲ. ‘ಓದಿರಬೇಕು’ ಎಂದರೆ ಅವನೇ ರಾತ್ರಿಯೆಲ್ಲ ಕುಳಿತು ಕಲ್ಪಿಸಿಕೊಂಡವನು. ಮೂರೂ ಬೇರೆ ಬೇರೆ ಕಥೆಗಳು.

ನಿವೃತ್ತ ಮೇಷ್ಟರು:
ಚರ್ಚೆಗೆ ಮೊದಲು ಪದಗಳನ್ನು ಶುದ್ಧ ಮಾಡಿಕೊಳ್ಳೋಣ. ಈಚೆಗೆ ವಿಮರ್ಶೆಗಳಲ್ಲಿ ‘ನಾನು’ ಎಂಬ ನಿರೂಪಣೆಯನ್ನು ಪ್ರಥಮ ಪುರುಷ ಎಂದು ಬರೆಯುತ್ತಾರೆ. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು, ಅವಳು’ ಪ್ರಥಮ ಪುರುಷ. ಇಂಗ್ಲಿಷಿನ ಎಣಿಕೆಯನ್ನು ಹಾಗೆಯೇ ತಂದು ಇಟ್ಟರೆ ಎಲ್ಲವೂ ತಲೆಕೆಳಗು.

ಈಗ ವಿಷಯ. ‘ನಾನು’ ಇಲ್ಲದಿದ್ದರೆ ಆಪ್ತತೆ ಹೋಗುತ್ತದೆ ಎಂಬ ಭಯ ಬೇಡ. ಆಲನಹಳ್ಳಿ ಕೃಷ್ಣ ಅವರ ‘ಕಾಡು’ ಕಾದಂಬರಿ ಕಿಟ್ಟಿ ಎಂಬ ಹುಡುಗನ ಕಣ್ಣಿಗೆ ಅಂಟಿಕೊಂಡೇ ಸಾಗುತ್ತದೆ, ಆದರೂ ಅವನು ‘ಕಿಟ್ಟಿ’ಯೇ, ‘ನಾನು’ ಅಲ್ಲ. ದೊಡ್ಡವರ ಜಗಳ ಅವನಿಗೆ ಎಷ್ಟು ಅರ್ಥವಾಯಿತೋ ಅಷ್ಟೇ ಸಿಕ್ಕಿ, ಉಳಿದದ್ದನ್ನು ಓದುಗ ತುಂಬಿಕೊಳ್ಳುತ್ತಾನೆ. ಇದಕ್ಕೆ ನಮಗೆ ‘ತಾನು’ ಎಂಬ ವರವಿದೆ. ‘ಗಿರಿಜಮ್ಮ ಕಾರ್ಡನ್ನು ಮಡಿಸಿದಳು. ತಾನು ಹೋದರೆ ಈ ಮನೆಯವರಿಗೆ ಬೆಳಗಿನ ಕಾಫಿ ಕೊಡುವವರು ಯಾರು?’ ಎರಡನೆಯ ವಾಕ್ಯದಲ್ಲಿ ‘ಎಂದುಕೊಂಡಳು’ ಇಲ್ಲ, ಉದ್ಧರಣ ಚಿಹ್ನೆಯೂ ಇಲ್ಲ. ‘ತಾನು’ ಎಂದ ಕ್ಷಣ ನಾವು ಅವಳ ತಲೆಯೊಳಗೆ ಇದ್ದೇವೆ. ಹುಡುಗನನ್ನು ಬಿಟ್ಟು ಗಿರಿಜಮ್ಮನ ಪಕ್ಕಕ್ಕೆ ಬನ್ನಿ.

ಅರ್ಧಕಥೆ:
ಮೇಷ್ಟರೇ, ನೀವು ಹೇಳಿದಂತೆ ನಿನ್ನೆ ರಾತ್ರಿ ಎರಡು ಪುಟ ಬದಲಾಯಿಸಿ ನೋಡಿದೆ. ‘ಬಂದೆ’ ಇದ್ದದ್ದನ್ನು ‘ಬಂದನು’ ಮಾಡಿದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ‘ಅಪ್ಪ’ ಎಂದು ಬರೆದ ಕಡೆಯೆಲ್ಲ ಏನು ಬರೆಯಬೇಕು? ಗಿರಿಜಮ್ಮನಿಗೆ ಅವರು ಅಪ್ಪನಲ್ಲ, ‘ವಕೀಲರು’. ‘ಅಮ್ಮ’ ಹೋಗಿ ‘ಯಜಮಾನಿ’ಯಾದಳು. ‘ನಮ್ಮ ಮನೆ’ ಎಂಬುದು ‘ಆ ಮನೆ’ಯಾಯಿತು. ಎರಡು ಪುಟ ಮುಗಿಯುವ ಹೊತ್ತಿಗೆ ಹುಡುಗ ಮೂಲೆಯಲ್ಲಿ ನಿಂತ ಅಪರಿಚಿತ. ವಾಕ್ಯಗಳು ಸರಿಯಾಗಿವೆ, ಆದರೆ ಇದನ್ನು ಬರೆಯಲೇಬೇಕು ಎಂದು ನನಗೆ ಅನ್ನಿಸಿದ್ದು ಏಕೆ ಎಂಬುದೇ ಮರೆತುಹೋಯಿತು.

ತುಂಗೆಯ ದಡ:
ಮರೆತುಹೋಗಲಿ ಬಿಡಿ. ಮನೆಯ ಮಗನ ಪಶ್ಚಾತ್ತಾಪದ ಕಥೆಗಳು ನಮ್ಮಲ್ಲಿ ಸಾಕಷ್ಟು ಬಂದಿವೆ. ಗಿರಿಜಮ್ಮನೇ ‘ನಾನು’ ಎನ್ನಲಿ.

ಇನ್ನೊಂದು ಮಾತು. ನಮ್ಮ ಭಾಷೆಯಲ್ಲಿ ‘ನಾನು ಬಂದೆ’ ಎಂಬುದಕ್ಕೆ ಲಿಂಗವಿಲ್ಲ. ಹಿಂದಿಯಲ್ಲಿ ಬರೆದಿದ್ದರೆ ಮೊದಲ ಕ್ರಿಯಾಪದದಲ್ಲಿಯೇ ಹೆಣ್ಣೋ ಗಂಡೋ ಬಯಲಾಗುತ್ತಿತ್ತು. ನಾನೊಮ್ಮೆ ಇದನ್ನೇ ನೆಚ್ಚಿಕೊಂಡು, ಹೇಳುತ್ತಿರುವವರು ಯಾರೆಂದು ನಾಲ್ಕು ಪುಟ ತಿಳಿಯದ ಹಾಗೆ ಒಂದು ಕಥೆ ಬರೆದೆ. ಓದಿದವರಲ್ಲಿ ಹೆಚ್ಚಿನವರು ಹೇಳುವವನು ಗಂಡಸು ಎಂದೇ ತಿಳಿದಿದ್ದರು, ಏಕೆಂದರೆ ಆ ಪಾತ್ರ ಬ್ಯಾಂಕಿಗೆ ಹೋಗಿ ಸಾಲದ ಬಗ್ಗೆ ಜಗಳವಾಡುತ್ತದೆ! ಹೆಣ್ಣು ಎಂದು ತಿಳಿದ ಮೇಲೆ ಎಲ್ಲರ ಪ್ರಶ್ನೆ ಒಂದೇ: ‘ಇದು ನಿಮ್ಮ ಜೀವನದಲ್ಲಿ ನಡೆದದ್ದೇ?’ ಗಂಡಸು ‘ನಾನು’ ಎಂದರೆ ಕಲೆ, ಹೆಂಗಸು ‘ನಾನು’ ಎಂದರೆ ಡೈರಿ. ಅರ್ಧಕಥೆ ಅವರಿಗೆ ಆ ಕಾಟವಿಲ್ಲ. ಧೈರ್ಯವಾಗಿ ಬರೆಯಲಿ.

ಕರಡು ತಿದ್ದುವವಳು:
ಬರೆಯಲಿ, ಆದರೆ ಯಾವ ಕನ್ನಡದಲ್ಲಿ? ಸಂಭಾಷಣೆಯಲ್ಲಿ ಊರ ಮಾತು, ನಿರೂಪಣೆಯಲ್ಲಿ ಪುಸ್ತಕದ ಮಾತು ಎಂಬ ಒಡಂಬಡಿಕೆ ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಗಿರಿಜಮ್ಮನೇ ನಿರೂಪಕಿಯಾದರೆ ಆ ಗೋಡೆ ನಿಲ್ಲುವುದಿಲ್ಲ. ದೇವನೂರ ಮಹಾದೇವ ಅವರು ‘ಕುಸುಮಬಾಲೆ’ಯಲ್ಲಿ ನಿರೂಪಣೆಯನ್ನೇ ತಮ್ಮ ಸೀಮೆಯ ನುಡಿಯಲ್ಲಿ ಬರೆದರು. ಅಲ್ಲಿ ಮಂಚವೂ ಮಾತನಾಡುತ್ತದೆ, ದೀಪದ ಜೋತಮ್ಮಗಳೂ ಮಾತನಾಡುತ್ತವೆ, ಯಾವುದೂ ಅಸಹಜವೆನಿಸುವುದಿಲ್ಲ. ಆ ನುಡಿ ಅವರ ಒಳಗಿನದು. ಲಗತ್ತಿಸಿದ ಹನ್ನೆರಡು ಪುಟಗಳಲ್ಲಿ ಗಿರಿಜಮ್ಮ ಒಟ್ಟು ಒಂಬತ್ತು ಸಲ ಬಾಯಿ ಬಿಡುತ್ತಾಳೆ (ಎಣಿಸಿದ್ದೇನೆ, ವೃತ್ತಿಯ ಚಾಳಿ). ಅದರಲ್ಲಿ ಆರು ಸಲ ‘ಆಯ್ತು’. ಅವಳ ಮಾತನ್ನು ಅಷ್ಟೇ ಕೇಳಿಸಿಕೊಂಡವರು ಅವಳಿಂದ ಹನ್ನೆರಡು ಪುಟ ಮಾತನಾಡಿಸುವುದು ಹೇಗೆ?

ಇನ್ನೊಂದನ್ನು ಎಣಿಸಿದೆ. ಕಥೆಯಲ್ಲಿ ಅಪ್ಪ ಯಾವಾಗಲೂ ‘ಬಂದರು, ಹೋದರು, ಕೆಮ್ಮಿದರು’. ಕಕ್ಷಿದಾರರು ‘ಕುಳಿತರು’. ಪಕ್ಕದ ಮನೆಯ ಎಂಜಿನಿಯರು ‘ನಕ್ಕರು’. ಅಪ್ಪನಿಗಿಂತ ಹಿರಿಯಳಾದ ಗಿರಿಜಮ್ಮ ‘ಬಂದಳು, ಬಡಿಸಿದಳು, ಹೋದಳು’. ಇಂಗ್ಲಿಷಿನ ಕಥೆಗಾರ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಹುದು, ಅವನ ಕ್ರಿಯಾಪದಕ್ಕೆ ಮರ್ಯಾದೆಯ ಹಂಗಿಲ್ಲ. ನಮ್ಮಲ್ಲಿ ಯಾರು ಯಾರಿಗೆ ಎಷ್ಟು ಬಾಗುತ್ತಾರೆ ಎಂಬುದನ್ನು ತಿಳಿಸದೆ ಒಂದು ವಾಕ್ಯವನ್ನೂ ಮುಗಿಸಲಾಗುವುದಿಲ್ಲ. ‘ನಾನು’ ಇರಲಿ, ‘ಅವನು’ ಇರಲಿ, ನಿಮ್ಮ ದೃಷ್ಟಿಕೋನ ಈಗಾಗಲೇ ಆ ‘ಳು’ವಿನಲ್ಲಿ ಕುಳಿತಿದೆ. ಎಲ್ಲರ ಮನಸ್ಸನ್ನೂ ಬಲ್ಲ ‘ಸರ್ವಜ್ಞ’ ನಿರೂಪಕನನ್ನು ತಂದರೂ ಅವನು ಅದೇ ಮನೆಯವನಾಗಿಯೇ ಮಾತನಾಡುತ್ತಾನೆ.

ಪಡುವಲಪಾಯ:
ಇದು ಅತಿಯಾಯಿತು. ಕಥೆಯಲ್ಲಿ ‘ಅಮ್ಮ ಬಂದಳು’ ಎಂದೂ ಇದೆ. ತಾಯಿಗೆ ಏಕವಚನ ಹಾಕಿದ್ದು ಅಗೌರವವೇ? ದೇವರಿಗೂ ‘ಕಾಪಾಡು’ ಎನ್ನುತ್ತೇವೆ, ‘ಕಾಪಾಡಿ’ ಎನ್ನುವುದಿಲ್ಲ. ಗಿರಿಜಮ್ಮನಿಗೂ ಅದೇ ಸಲಿಗೆ ಇದ್ದಿರಬಹುದಲ್ಲ.

ತುಂಗೆಯ ದಡ:
ಸಲಿಗೆ ಎರಡು ಕಡೆಯಿಂದ ಇರಬೇಕು. ಹುಡುಗ ಗಿರಿಜಮ್ಮನಿಗೆ ‘ಕಾಫಿ ಕೊಡು’ ಎನ್ನುತ್ತಾನೆ. ಗಿರಿಜಮ್ಮ ಹತ್ತು ವರ್ಷದ ಆ ಹುಡುಗನಿಗೆ ‘ತಗೊಳ್ಳಿ’ ಎನ್ನುತ್ತಾಳೆ. ಐದನೆಯ ಪುಟ ನೋಡಿ.

ಪಡುವಲಪಾಯ:
ನೋಡಿದೆ. ಒಪ್ಪಿದೆ. ಹಾಗಿದ್ದರೆ ನನ್ನದೂ ಒಂದು ಸೇರಿಸುತ್ತೇನೆ. ‘ಹಬ್ಬದ ದಿನ ನಾವು ಊಟಕ್ಕೆ ಕುಳಿತೆವು’ ಎಂಬ ವಾಕ್ಯವಿದೆಯಲ್ಲ, ಆ ‘ನಾವು’ವಿನಲ್ಲಿ ಗಿರಿಜಮ್ಮ ಇದ್ದಾಳೆಯೇ? ನನ್ನ ಮನೆಮಾತು ತುಳು. ನಮ್ಮಲ್ಲಿ ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಹೊರಗಿಟ್ಟರೆ ‘ಎಂಕುಲು’. ಗಿರಿಜಮ್ಮನ ಎದುರು ಹೇಳುವುದಾದರೆ ತುಳುವಿನಲ್ಲಿ ಆರಿಸಲೇಬೇಕು. ಕನ್ನಡದ ‘ನಾವು’ ಎರಡನ್ನೂ ಒಂದೇ ಸೆರಗಿನಲ್ಲಿ ಮುಚ್ಚಿಡುತ್ತದೆ. ನಿರೂಪಕನಿಗೆ ಇದಕ್ಕಿಂತ ಅನುಕೂಲವಾದ ಪದ ಬೇರೆ ಇರಲಾರದು.

ನಿವೃತ್ತ ಮೇಷ್ಟರು:
ಕ್ರಿಯಾಪದಗಳನ್ನು ‘ಬಂದರು’ ಎಂದು ತಿದ್ದಿದರೆ ಆಯಿತಲ್ಲ. ಇಷ್ಟು ಚರ್ಚೆ ಏಕೆ?

ಕರಡು ತಿದ್ದುವವಳು:
ತಿದ್ದಬಾರದು ಮೇಷ್ಟರೇ! ತಿದ್ದಿದರೆ ಇಂದಿನ ಲೇಖಕರು ಅಂದಿನ ಹುಡುಗನಿಗೆ ಒಳ್ಳೆಯ ಅಂಗಿ ತೊಡಿಸಿದ ಹಾಗಾಗುತ್ತದೆ. ಆ ಮನೆಯ ಮಗ ‘ಗಿರಿಜಮ್ಮ ಬಂದರು’ ಎನ್ನುವವನೇ ಅಲ್ಲ. ‘ಬಂದಳು’ ಹಾಗೆಯೇ ಇರಲಿ, ಆದರೆ ಅದು ಅವನ ‘ಬಂದಳು’ ಎಂದು ಓದುಗನಿಗೆ ಕೇಳಿಸಬೇಕು. ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’ ನೆನಪಿಸಿಕೊಳ್ಳಿ. ಕಾಫಿ ಹೌಸಿನಲ್ಲಿ ಕುಳಿತು ಹೇಳುವವನಿಗೆ ಕಥೆಯಲ್ಲಿ ಹೆಸರೇ ಇಲ್ಲ. ಚಿಕ್ಕಪ್ಪನ ದುಡಿಮೆಯಲ್ಲಿ ನಡೆಯುವ ಮನೆಯ ಬಗ್ಗೆ ಎಷ್ಟು ಸಭ್ಯವಾಗಿ, ಎಷ್ಟು ವಿವರವಾಗಿ ಹೇಳುತ್ತಾನೆ! ಓದುತ್ತ ಓದುತ್ತ ನಮಗೆ ಭಯ ಹುಟ್ಟುವುದು ಅವನು ಹೇಳಿದ್ದರಿಂದಲ್ಲ, ಹೇಳದೆ ದಾಟಿಕೊಂಡು ಹೋದದ್ದರಿಂದ. ಮಾಸ್ತಿಯವರ ‘ರಂಗನ ಮದುವೆ’ಯ ಶ್ಯಾಮನೂ ಸಾಕ್ಷಿಯ ಹಾಗೆ ಕುಳಿತು ಹರಟುತ್ತಾನೆ. ರಂಗನಿಗೆ ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳಿಗೆ ಏನು ಹೇಳಬೇಕೆಂದು ಮೊದಲೇ ಪಾಠ ಮಾಡಿಟ್ಟವನು ಅವನೇ. ಅಲ್ಲಿ ಅದು ತಮಾಷೆ, ಇಲ್ಲಿ ತಮಾಷೆಯಲ್ಲ. ‘ನಾನು’ ಎಂದು ಹೇಳುವವನನ್ನು ಸಾಕ್ಷಿ ಎಂದು ನಂಬಬೇಡಿ, ಅವನಿಗೂ ಆ ಕಥೆಯಲ್ಲಿ ಕೈಯಿರುತ್ತದೆ.

ಅರ್ಧಕಥೆ:
ಮೂರು ದಿನ ಸುಮ್ಮನಿದ್ದದ್ದಕ್ಕೆ ಕ್ಷಮಿಸಿ. ‘ನಾನು’ ಉಳಿಸಿಕೊಂಡಿದ್ದೇನೆ, ‘ಬಂದಳು’ ಕೂಡ. ಅಡುಗೆಮನೆಯ ದೃಶ್ಯ ಈಗ ಹೀಗಿದೆ:

‘ಆ ರಾತ್ರಿ ಗಿರಿಜಮ್ಮ ಕಾರ್ಡು ಓದಿದಳಂತೆ. ಅಂತೆ ಎಂದೆನೇ ಹೊರತು ನನಗೆ ಹೇಳಿದವರು ಯಾರೂ ಇಲ್ಲ. ಬೆಳಿಗ್ಗೆ ಬಚ್ಚಲಿನ ಪಾತ್ರೆಗೆಂದು ಒಲೆಯ ಬೂದಿ ತೆಗೆಯುವಾಗ ಕಾರ್ಡಿನ ಒಂದು ಮೂಲೆ ಸುಡದೆ ಉಳಿದಿತ್ತು. ಅದರಲ್ಲಿ ವಿಳಾಸದ ಕೊನೆಯ ಸಾಲು ಮಾತ್ರ ಇತ್ತು: ವಕೀಲರ ಮನೆ. ಉಳಿದದ್ದನ್ನು ನಾನೇ ಓದಿಕೊಂಡೆ.’

ಪಡುವಲಪಾಯ:
ಚೆನ್ನಾಗಿದೆ. ಇನ್ನು ಆ ಸಂಪಾದಕರ ಬಾಯಿ ಕಟ್ಟಿದಂತೆ.

ನಿವೃತ್ತ ಮೇಷ್ಟರು:
‘ಉಳಿದದ್ದನ್ನು ನಾನೇ ಓದಿಕೊಂಡೆ’ ಸ್ವಲ್ಪ ಜಾಣತನ ಎನಿಸಿತು. ತೆಗೆದರೂ ನಷ್ಟವಿಲ್ಲ.

ಕರಡು ತಿದ್ದುವವಳು:
ನನಗೆ ಬೇರೆಯೇ ಒಂದು ಅನುಮಾನ. ಮೂರನೆಯ ಪುಟದಲ್ಲಿ ಗಿರಿಜಮ್ಮ ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆಯುತ್ತಾಳೆ. ಎಂಟನೆಯ ಪುಟದಲ್ಲಿ ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ಇದನ್ನು ಹುಡುಗ ಕೂತಲ್ಲಿಂದ ಕಂಡದ್ದು, ಆದ್ದರಿಂದ ನಂಬುತ್ತೇನೆ. ಅಂದ ಮೇಲೆ ಆ ರಾತ್ರಿ ಕಾರ್ಡು ಓದಿದವರು ಯಾರು? ಗಿರಿಜಮ್ಮನಿಗೆ ಓದಲು ಬರುತ್ತಿತ್ತೇ?

ಅರ್ಧಕಥೆ:
ಇಲ್ಲ.

ಇದು ಪೂರ್ತಿ ಕಲ್ಪನೆಯ ಕಥೆಯಲ್ಲ ಎಂಬುದು ನಿಮಗೆಲ್ಲ ಈಗಾಗಲೇ ತಿಳಿದಿರಬಹುದು. ಗಿರಿಜಮ್ಮನಿಗೆ ಬರುತ್ತಿದ್ದ ಕಾರ್ಡುಗಳನ್ನು ಓದಿ ಹೇಳುತ್ತಿದ್ದವನು ನಾನು. ಶಾಲೆಯಿಂದ ಬಂದ ಮೇಲೆ, ಹಿತ್ತಿಲ ಕಟ್ಟೆಯಲ್ಲಿ ಕುಳಿತು. ಹನ್ನೆರಡು ಪುಟದಲ್ಲಿ ಅದನ್ನು ಎಲ್ಲಿಯೂ ಬರೆದಿಲ್ಲ, ಏಕೆ ಬರೆದಿಲ್ಲ ಎಂದು ಈಗ ಹೊಳೆಯುತ್ತಿದೆ. ‘ಬಂದುಬಿಡು’ ಎಂದು ಮಗಳು ಕರೆದ ಸಾಲು ಬಂದರೆ ಬಿಟ್ಟು ಓದಬೇಕು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಬಿಟ್ಟು ಓದುತ್ತಿದ್ದೆ.

ತುಂಗೆಯ ದಡ:
ಎಷ್ಟು ವರ್ಷ?

ಅರ್ಧಕಥೆ:
ಮೊದಲಿನಿಂದ ಬರೆಯುತ್ತೇನೆ. ಆ ಅಡುಗೆಮನೆಯ ದೃಶ್ಯ ಬೇಕಾಗಿಲ್ಲ.