ಪದಚರ್ಚೆ: ಪ್ರಾಣವಾಯು ಇಲ್ಲದ ಕಾಲದಲ್ಲಿ ಪ್ರಾಣವಿತ್ತೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಗೋವಾದ ವಾಸ್ಕೊದಲ್ಲಿ ನಾವು ನಾಲ್ಕಾರು ಜನ ಸೇರಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಬರುವವರು ಹೆಚ್ಚಾಗಿ ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಮನೆಗಳವರು. ಶಾಲೆ ಮರಾಠಿಯದೋ ಇಂಗ್ಲಿಷಿನದೋ, ಬೀದಿಯ ಮಾತು ಕೊಂಕಣಿ. ಬರೀ ಕಾಗುಣಿತ ತಿದ್ದಿಸಿದರೆ ಆಕಳಿಸುತ್ತಾರೆಂದು ಈಚೆಗೆ ಒಂದೊಂದು ವಿಜ್ಞಾನದ ಪಾಠವನ್ನೂ ಬರೆದುಕೊಂಡು ಹೋಗುತ್ತಿದ್ದೇನೆ. ಕಳೆದ ವಾರದ್ದು ಭೂಮಿಯ ಗಾಳಿ ಹೇಗೆ ಬದಲಾಗುತ್ತ ಬಂತು ಎಂಬುದು. ಅಲ್ಲಿ ಸಿಕ್ಕಿಬಿದ್ದೆ.

‘ಬಹಳ ಹಿಂದೆ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ, ಆದರೂ ಜೀವಿಗಳಿದ್ದವು’ ಎಂದು ಓದಿದೆ. ಆಮ್ಲಜನಕ ಎಂದರೆ ಏನೆಂದು ಅರ್ಧ ತರಗತಿಗೆ ಗೊತ್ತಾಗಲಿಲ್ಲ. ಮರಾಠಿ ಶಾಲೆಯ ಹುಡುಗಿಯೊಬ್ಬಳು ‘ಅದು ಪ್ರಾಣವಾಯು’ ಎಂದು ಉಳಿದವರಿಗೆ ಬಿಡಿಸಿ ಹೇಳಿದಳು. ನಾನು ಹಿಗ್ಗುವಷ್ಟರಲ್ಲಿ ಅವಳೇ ಕೇಳಿದಳು: ‘ಪ್ರಾಣವಾಯುವೇ ಇಲ್ಲ ಅಂದಮೇಲೆ ಪ್ರಾಣ ಹೇಗೆ ಇತ್ತು ಸರ್?’

ತಪ್ಪು ಅವಳದಲ್ಲ, ಪದದ್ದು. ಮರಾಠಿಯಲ್ಲಿ ವಾಯು ಎಂದರೆ ನಮ್ಮ ಅನಿಲವೂ ಹೌದು, ಹಾಗಾಗಿ ಅವರಿಗೆ ಪ್ರಾಣವಾಯು ಸಹಜವಾಗಿ ಒದಗಿತು. ನಾವೂ ಅದನ್ನು ಬಳಸದೆ ಬಿಟ್ಟಿಲ್ಲ. 2021ರ ಕೋವಿಡ್ ದಿನಗಳಲ್ಲಿ ಕನ್ನಡ ಪತ್ರಿಕೆಗಳ ತಲೆಬರಹಗಳಲ್ಲಿ ಆಮ್ಲಜನಕಕ್ಕಿಂತ ಪ್ರಾಣವಾಯುವೇ ಎದ್ದು ಕಾಣುತ್ತಿತ್ತು. ಆದರೆ ಈ ಮಾತು ಪಂಚಪ್ರಾಣಗಳ ಸಾಲಿನಿಂದ ಎದ್ದು ಬಂದದ್ದು. ಪ್ರಾಣವನ್ನು ಕರೆದರೆ ಹಿಂದೆಯೇ ಅಪಾನವೂ, ಅಂದರೆ ಕೆಳಗಿನಿಂದ ಹೊರಡುವ ವಾಯುವೂ, ಬಂದು ನಿಲ್ಲುತ್ತದೆ. ಹಾಗಾದರೆ ಮೀಥೇನಿಗೆ ಅದೇ ಹೆಸರಿಡೋಣವೇ ಎಂದು ಹುಡುಗರು ಕೇಳುವ ಮೊದಲೇ ನಾನು ಮಾತು ಬದಲಿಸಿದೆ.

ನಮ್ಮ ಆಮ್ಲಜನಕವಾದರೂ ಸಾಚಾ ಏನಲ್ಲ. ಆಮ್ಲಗಳೆಲ್ಲ ಹುಟ್ಟುವುದು ಈ ಅನಿಲದಿಂದಲೇ ಎಂದು ನಂಬಿ ಫ್ರಾನ್ಸಿನ ವಿಜ್ಞಾನಿ ಲ್ಯಾವೋಸಿಯೇ ಗ್ರೀಕ್ ಬೇರಿನಿಂದ ‘ಆಕ್ಸಿಜನ್’ ಎಂದು ಹೆಸರು ಕಟ್ಟಿದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಲವಲೇಶವೂ ಇಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿದ. ಅಷ್ಟರಲ್ಲಿ ಹೆಸರು ಊರು ಸುತ್ತಿಯಾಗಿತ್ತು. ಜರ್ಮನ್ನರೂ ರಷ್ಯನ್ನರೂ ಅದನ್ನು ತಮ್ಮ ತಮ್ಮ ಮಾತಿಗೆ ತಿರುಗಿಸಿಕೊಂಡರು, ನಾವು ಸಂಸ್ಕೃತಕ್ಕೆ ತಿರುಗಿಸಿಕೊಂಡೆವು. ಹುಳಿಯ ಗುಣಕ್ಕೆ ನಿಜವಾದ ಕಾರಣ ಹೈಡ್ರೋಜನ್. ಆಮ್ಲಜನಕ ಎನ್ನಿಸಿಕೊಳ್ಳುವ ಹಕ್ಕಿದ್ದದ್ದು ನಮ್ಮ ಜಲಜನಕಕ್ಕೆ. ಆದರೂ ನನ್ನ ಮತ ಆಮ್ಲಜನಕಕ್ಕೇ. ಅದರ ತಪ್ಪು ಅರ್ಥ ಯಾರಿಗೂ ಕೇಳಿಸದಷ್ಟು ಸವೆದುಹೋಗಿದೆ. ಪ್ರಾಣವಾಯುವಿನ ಅರ್ಥ ಪ್ರತಿ ಸಲವೂ ಕಿವಿಗೆ ಬಡಿಯುತ್ತದೆ, ಹಳೆಯ ಭೂಮಿಯ ಕತೆ ಹೇಳಹೊರಟಾಗ ಅಡ್ಡಗಾಲು ಹಾಕುತ್ತದೆ.

ಏಕೆಂದರೆ ಆ ಕತೆಯಲ್ಲಿ ಇದು ಪ್ರಾಣ ತೆಗೆದ ಅನಿಲ. ಸುಮಾರು 350 ಕೋಟಿ ವರ್ಷಗಳ ಹಿಂದೆಯೇ ಸೂಕ್ಷ್ಮಜೀವಿಗಳಿದ್ದವು. ಗಾಳಿಯಲ್ಲಿ ಆಮ್ಲಜನಕ ನೆಲೆ ನಿಂತದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಬಿಸಿಲು ಉಂಡು ಬದುಕುವ ಸಯನೋಬ್ಯಾಕ್ಟೀರಿಯಾಗಳಿಗೆ ಅದು ಹೊರಹಾಕುವ ಕಸ, ಅಕ್ಕಪಕ್ಕದವರಿಗೆ ವಿಷ. ಅದನ್ನು ತಾಳಲಾರದವರು ಕೆಸರಿಗೆ, ಕತ್ತಲೆಗೆ ಸರಿದರು. ಈಗಲೂ ಅಲ್ಲೇ ಇದ್ದಾರೆ. ಇಲ್ಲಿನ ಖಾಜಣ (ಉಪ್ಪುನೀರಿನ ಅಂಚಿನ) ಗದ್ದೆಯ ಬದಿಯಲ್ಲಿ ಉಬ್ಬರ ಇಳಿದ ಮೇಲೆ ಕೋಲಿನಿಂದ ಕೆಸರು ಕೆದಕಿದರೆ ಮೇಲಿನ ಪದರ ಕಂದು, ಅದರಡಿ ಕಾಡಿಗೆಯಂತೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಆ ಕಪ್ಪಿನಲ್ಲಿ ಆಮ್ಲಜನಕವಿಲ್ಲ, ಬದುಕು ಬೇಕಾದಷ್ಟಿದೆ. ಪಠ್ಯಪುಸ್ತಕ ಇಂಥ ಬದುಕನ್ನು ‘ಅವಾಯುವಿಕ’ ಎನ್ನುತ್ತದೆ. ವಾಯುವೇ ಇಲ್ಲದ್ದು! ಹಾಗಿದ್ದರೆ ಇಂಥ ಜೀವಿಗಳೇ ದುಡಿಯುವ ಗೋಬರ್ ಗ್ಯಾಸಿನ ಗುಂಡಿಯಿಂದ ಒಲೆಗೆ ಬರುವುದೇನು?

ಈಗ ನನ್ನ ನಿಜವಾದ ತೊಡಕು. ಆಮ್ಲಜನಕ ಗಾಳಿಗೆ ಸೇರಿದ ಆ ಘಟ್ಟಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಆಮ್ಲಜನಕದೊಡನೆ ಕೂಡುವುದಕ್ಕೆ (ಆಕ್ಸಿಡೇಶನ್) ಪಠ್ಯ ಕೊಡುವ ‘ಉತ್ಕರ್ಷಣ’ ಹಿಡಿದು ‘ಮಹಾ ಉತ್ಕರ್ಷಣ’ ಎಂದು ಬರೆದೆ. ಮಕ್ಕಳಿಗೆ ಉತ್ಕರ್ಷ ಎಂದರೆ ಏಳಿಗೆ. ಇಲ್ಲಿ ಅದು ಹೌಸಿಂಗ್ ಸೊಸೈಟಿಗಳಿಗೆ ಇಡುವ ಹೆಸರು. ‘ಯಾರ ಉತ್ಕರ್ಷ ಸರ್?’ ಎಂದು ಒಬ್ಬ ಕೇಳಿದ. ಸಯನೋಬ್ಯಾಕ್ಟೀರಿಯಾಗಳದ್ದು ಎಂದೆ. ಉತ್ತರ ಅಷ್ಟೇನೂ ತಪ್ಪಲ್ಲ, ಆದರೆ ಪದ ನಿಲ್ಲಲಿಲ್ಲ.

ಆಗ ನೆರವಿಗೆ ಬಂದದ್ದು ಒಂದು ಕಲ್ಲು. ಡಿಚೋಲಿಯ ಕಡೆ ಗಣಿಯ ಲಾರಿ ಓಡಿಸುತ್ತಿದ್ದವರ ಮಗ ಅಂಗೈಯಗಲದ ಒಂದು ಚೂರು ತಂದಿದ್ದ. ಒಂದು ಗೆರೆ ಕಡು ಕೆಂಪು, ಒಂದು ಗೆರೆ ಬೂದು, ಮತ್ತೆ ಕೆಂಪು, ಕತ್ತರಿಸಿದ ಪದರ ಪೇಡೆಯ ಹಾಗೆ. ಹಿಡಿದರೆ ಅಳತೆಗೆ ಮೀರಿದ ಭಾರ, ಬೆರಳಿಗೆ ಕುಂಕುಮದಂಥ ಪುಡಿ. ಗೋವಾದ ಈ ಅದಿರುಗಲ್ಲು ಧಾರವಾಡ ಶಿಲಾಸಮೂಹದ ನಂಟಿನದು, 250 ಕೋಟಿ ವರ್ಷಕ್ಕಿಂತ ಹಳೆಯದು. ಗಾಳಿಗೆ ಇನ್ನೂ ಆಮ್ಲಜನಕ ದಕ್ಕದಿದ್ದ ಕಾಲದ ಕಡಲಿನಲ್ಲಿ ಕಬ್ಬಿಣ ಸಕ್ಕರೆಯಂತೆ ಕರಗಿತ್ತು. ಅದು ಆಮ್ಲಜನಕದೊಡನೆ ಕೂಡಿ ತಳಕ್ಕಿಳಿದು ಪದರಗಟ್ಟಿದ್ದೇ ಈ ಕಲ್ಲು. ನೀರಿನ ಕಬ್ಬಿಣ, ಜ್ವಾಲಾಮುಖಿಯ ಅನಿಲಗಳು ಹುಟ್ಟಿದ ಆಮ್ಲಜನಕವನ್ನೆಲ್ಲ ನುಂಗುತ್ತಿದ್ದವು. ಅವುಗಳ ಹಸಿವು ಇಂಗಿದ ಮೇಲಷ್ಟೇ ಅದು ಗಾಳಿಯಲ್ಲಿ ಉಳಿಯಿತು.

ಇಷ್ಟನ್ನು ಹೇಳಿ ‘ಭೂಮಿಗೆ ತುಕ್ಕು ಹಿಡಿಯಿತು’ ಎಂದೆ. ತುಕ್ಕು ಎಂದರೇನು ಎಂದು ಇನ್ನೊಂದು ಸುತ್ತು! ಮನೆಯಲ್ಲಿ ಅವರದು ಜಂಗು, ಶಾಲೆಯಲ್ಲಿ ಗಂಜ. ಮಂಗಳೂರಿನ ಕಡೆಯ ನಮ್ಮ ಶಿಕ್ಷಕಿಯೊಬ್ಬರು ಕಿಲುಬು ಎಂದರು. ನನ್ನ ತಿಳಿವಳಿಕೆಯಲ್ಲಿ ಕಿಲುಬು ತಾಮ್ರ, ಹಿತ್ತಾಳೆಗೆ ಬರುವುದು, ಹುಣಿಸೆಹಣ್ಣು ತಿಕ್ಕಿದರೆ ಹೋಗುತ್ತದೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ಅದು ಪಾತ್ರೆಯನ್ನೇ ತಿನ್ನುತ್ತದೆ. ಈ ಭೇದ ನಿಮ್ಮ ಊರುಗಳಲ್ಲೂ ಇದೆಯೇ?

ಅಂದಹಾಗೆ, ಇಂದಿನ ಬದಲಾವಣೆಗೆ ಬಂದಾಗ ಪದ ತೊಡರಲಿಲ್ಲ. ಕೈಗಾರಿಕೆಗೆ ಮುಂಚೆ ಗಾಳಿಯ ದಶಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ ಎಂದಾಗ, ಮರಾಠಿ ಬಲ್ಲ ಮಕ್ಕಳು ‘ಇಂಗಳ’ ಅಂದರೆ ಕೆಂಡ ಎಂದು ತಾವೇ ಹಿಡಿದರು. ಎರಡಕ್ಕೂ ಸಂಸ್ಕೃತದ ಅಂಗಾರವೇ ತಾಯಿಬೇರು.

ಉಳಿದದ್ದು ಇಷ್ಟು: ಪಾಠದ ತಲೆಬರಹಕ್ಕೆ ‘ದೊಡ್ಡ ತುಕ್ಕು’ ಎಂದು ಇಟ್ಟಿದ್ದೇನೆ. ‘ಹಿರಿತುಕ್ಕು’ ಎಂದರೆ ಚೆನ್ನ ಎಂದು ಒಬ್ಬರು ಹೇಳುತ್ತಾರೆ, ನನ್ನ ಕಿವಿಗೆ ಅದು ತುಸು ಕಟ್ಟಿದಂತೆ ಕೇಳುತ್ತದೆ. ಬರುವ ಭಾನುವಾರದೊಳಗೆ ಅಚ್ಚು ಹಾಕಿಸಬೇಕು. ಬಲ್ಲವರು ತಿಳಿಸಿ.