ಅತ್ತಿಗೆ, ಚಳಿ ಬರುವುದು ನೆಲದಿಂದ

ಅತ್ತಿಗೆ, ಇದು ಉದ್ದ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ. ಟೈಪ್ ಮಾಡುವ ತಾಳ್ಮೆ ಇಲ್ಲ, ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಬೆಳಿಗ್ಗೆ ನೀವು ಕೇಳಿದ್ದಿರಲ್ಲ, ಮಕ್ಕಳು ಟೆಂಟಲ್ಲಿ ಮಲಗಬೇಕು ಅಂತ ಹಟ ಹಿಡಿದಿದ್ದಾರೆ, ಈ ಡಿಸೆಂಬರ್ ಚಳಿಯಲ್ಲೇ ಬೇಕಾ, ಬೇಸಿಗೆ ರಜೆಯಲ್ಲಿ ಹೋದರೆ ಆಗಲ್ವಾ ಅಂತ. ಅದಕ್ಕೆ ಅಣ್ಣ "ಎರಡು ದಪ್ಪ ಕಂಬಳಿ ಹೊದ್ದರೆ ಮುಗೀತು" ಅಂದ. ಭಾವ ಆಗಲೇ ಮಕ್ಕಳಿಗೆ ನಕ್ಷತ್ರ ತೋರಿಸೋಕೆ ಅಂತ ಟೆಲಿಸ್ಕೋಪಿನ ಫೋಟೋ ಹಾಕಿ, ತಗೊಳ್ಳಲಾ ಅಂತ ಕೇಳಿದ್ದಾರೆ. ಮೂವರಿಗೂ ಇದೇ ಉತ್ತರ.

ಹೋಗಿ ಅತ್ತಿಗೆ, ಈಗಲೇ ಹೋಗಿ. ಬೇಸಿಗೆಯಲ್ಲಿ ಕತ್ತಲು ತಡವಾಗಿ ಆಗುತ್ತೆ, ನಕ್ಷತ್ರ ತೋರಿಸಬೇಕು ಅಂದರೆ ತೂಕಡಿಸುವ ಮಕ್ಕಳನ್ನು ಎಬ್ಬಿಸಿ ಕೂರಿಸಬೇಕು. ಈಗ ಊಟಕ್ಕೆ ಮೊದಲೇ ಆಕಾಶ ತಯಾರಾಗಿರುತ್ತೆ. ಸೊಳ್ಳೆ ಕಾಟವೂ ಕಡಿಮೆ. ಆದರೆ ಅಣ್ಣನ ಕಂಬಳಿ ಲೆಕ್ಕ ಮಾತ್ರ ನಂಬಬೇಡಿ. ಅದನ್ನು ನಂಬಿ ನಾನು ಒಂದು ರಾತ್ರಿ ಪಡಬಾರದ ಪಾಡು ಪಟ್ಟಿದ್ದೇನೆ.

ಅದು ನಾವು ಟೆಂಟ್ ಹಾಕಿದ ಮೊದಲ ಸಲ. ಗಾಳಿ ತಾಗಲ್ಲ ಅಂತ ಹಳ್ಳದ ಪಕ್ಕದ ತಗ್ಗನ್ನೇ ಹುಡುಕಿ ಹಾಕಿದೆವು. ದೊಡ್ಡ ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ. ಮೇಲೆ ಎರಡು ಕಂಬಳಿ, ಕೆಳಗೆ ಒಂದು ಬೆಡ್‌ಶೀಟ್. ಸ್ವಲ್ಪ ಹೊತ್ತಿಗೆ ಎದೆ ಬೆಚ್ಚಗೆ, ಬೆನ್ನು ಕೊರೆಯುವ ತಣ್ಣಗೆ. ಮಗ್ಗುಲಾದರೆ ಆ ಮಗ್ಗುಲೂ ತಣ್ಣಗೆ. ಮೂರು ಗಂಟೆಗೆ ಮೂಗಿನ ಮೇಲೆ ಟಪ್ ಅಂತ ಒಂದು ಹನಿ. ಮಳೆ ಬಂತು ಅಂತ ಗಾಬರಿಯಿಂದ ಜಿಪ್ ಎಳೆದು ನೋಡಿದರೆ ಆಕಾಶ ತೊಳೆದಿಟ್ಟ ಹಾಗಿದೆ, ಒಂದು ಮೋಡ ಇಲ್ಲ. ಆ ನೀರು ನಮ್ಮದೇ ಉಸಿರು! ಚಳಿ ಅಂತ ಎಲ್ಲ ಕಿಂಡಿ ಮುಚ್ಚಿದ್ದೆವು. ಉಸಿರಿನ ತೇವ ತಣ್ಣನೆ ಟೆಂಟ್ ಬಟ್ಟೆಗೆ ತಾಗಿ, ಹನಿಗಟ್ಟಿ, ನಮ್ಮ ಮೇಲೇ ಬೀಳುತ್ತಿತ್ತು. ನನ್ನ ಹೆಂಡತಿ ಇವತ್ತಿಗೂ ಆ ಮಾತೆತ್ತಿ ನಗುತ್ತಾಳೆ.

ತಪ್ಪು ಎಲ್ಲಾಗಿತ್ತು ಅಂತ ಆಮೇಲೆ ಅರ್ಥ ಆಯ್ತು. ಕಂಬಳಿ ತಾನೇ ಬಿಸಿ ಕೊಡುವುದಿಲ್ಲ, ಅದರೊಳಗೆ ಸಿಕ್ಕಿಕೊಂಡ ಗಾಳಿ ನಮ್ಮ ಬಿಸಿಯನ್ನು ಹಿಡಿದಿಡುತ್ತೆ. ಮೈಯ ಕೆಳಗಿರುವುದು ನಮ್ಮ ಭಾರಕ್ಕೆ ಅಪ್ಪಚ್ಚಿಯಾಗುತ್ತೆ, ಗಾಳಿ ಹೋಗುತ್ತೆ, ನೆಲ ರಾತ್ರಿಯಿಡೀ ಬಿಸಿ ಹೀರುತ್ತೆ. ದುಬಾರಿ ಸ್ಲೀಪಿಂಗ್ ಬ್ಯಾಗಿನ ಗತಿಯೂ ಅಷ್ಟೇ. ಅದಕ್ಕೇ ಮೊದಲು ಫೋಮ್ ಮ್ಯಾಟ್, ಆಮೇಲೆ ಉಳಿದದ್ದು. ಇರುವುದು ಎರಡೇ ಕಂಬಳಿ ಅಂದರೆ ಒಂದನ್ನು ಮಡಚಿ ಕೆಳಗೆ ಹಾಕಿ.

ಇನ್ನು ಆ ತಗ್ಗು. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ನೆಲದ ಬಿಸಿ ಆಕಾಶಕ್ಕೆ ಹೋಗಿಬಿಡುತ್ತೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರ ಆಗುತ್ತೆ, ನೀರಿನ ಹಾಗೆ ಇಳಿಜಾರಲ್ಲಿ ಹರಿದು ತಗ್ಗಲ್ಲಿ ನಿಲ್ಲುತ್ತೆ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ಕಡಿಮೆ ಆಗಬೇಕು. ಇಂಥ ರಾತ್ರಿ ಲೆಕ್ಕ ತಿರುಗುಮುರುಗು, ತಗ್ಗಿಗಿಂತ ಇಳಿಜಾರೇ ಬೆಚ್ಚಗೆ. ಸಂಜೆ ನಡೆಯುವಾಗ ಗಮನಿಸಿ, ಹಳ್ಳಕ್ಕೆ ಇಳಿದ ತಕ್ಷಣ ಮೊಣಕಾಲಿಗೆ ತಣ್ಣಗೆ ತಾಗುತ್ತೆ. ಹಾಗಾಗಿ ತಗ್ಗು ಬೇಡ. ನೆತ್ತಿಯೂ ಬೇಡ, ಅಲ್ಲಿ ಗಾಳಿ ಜಾಸ್ತಿ. ನಡುವೆ ಎಲ್ಲಾದರೂ ಸಮತಟ್ಟು ಜಾಗ ನೋಡಿ.

ಟೆಂಟಿನ ಮೇಲಿನ ಕಿಂಡಿ ತೆರೆದೇ ಇರಲಿ. ಮತ್ತೆ ಇದು ತಮಾಷೆ ಅಲ್ಲ ಅಣ್ಣಾ, ಟೆಂಟ್ ಒಳಗೆ ಕೆಂಡ, ಸ್ಟೋವ್ ಏನೂ ಬೇಡ, ಐದು ನಿಮಿಷಕ್ಕೂ ಬೇಡ. ಅವು ಬಿಡುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ. ಬಿಸಿ ಬೇಕಾದರೆ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಸಾಕ್ಸಿಗೆ ತೂರಿಸಿ ಕಾಲ ಹತ್ತಿರ ಇಟ್ಟುಕೊಳ್ಳಿ.

ನಡೆಯುವಾಗಿನ ಶತ್ರು ಬೆವರು. ಹೊರಡುವಾಗ ಮೈ ಸ್ವಲ್ಪ ಚಳಿಚಳಿ ಅನ್ನುತ್ತಿರಬೇಕು, ಹತ್ತು ನಿಮಿಷಕ್ಕೆ ಸರಿಹೋಗುತ್ತೆ. ಸ್ವೆಟರ್ ಹಾಕಿಕೊಂಡೇ ಏರಿದರೆ ಒಳಗಿನ ಹತ್ತಿ ಬನಿಯನ್ ಒದ್ದೆಯಾಗುತ್ತೆ, ನಿಂತ ತಕ್ಷಣ ಅದೇ ನಡುಗಿಸುತ್ತೆ. ಮಕ್ಕಳು ಕೂತ ಕೂಡಲೇ ಜಾಕೆಟ್ ಹಾಕಿ, ಚಳಿ ಅಂತ ಅವರು ಹೇಳುವವರೆಗೆ ಕಾಯಬೇಡಿ. ಮಲಗಲು ಬೇರೆ ಒಣ ಸಾಕ್ಸ್ ಇರಲಿ. ಮಲಗುವ ಮುಂಚೆ ಎಲ್ಲರೂ ಒಂದಕ್ಕೆ ಹೋಗಿ ಬರಲಿ, ರಾತ್ರಿ ಎರಡು ಗಂಟೆಗೆ ಎದ್ದು ಬೂಟು ಹುಡುಕುವ ಕಷ್ಟ ನನ್ನನ್ನು ಕೇಳಿ.

ಈಗ ಭಾವನ ಟೆಲಿಸ್ಕೋಪ್. ಸದ್ಯಕ್ಕೆ ಬೇಡ ಭಾವ. ಮೊದಲ ರಾತ್ರಿ ಅದನ್ನು ನಿಲ್ಲಿಸಿ, ತಿರುಗಿಸಿ, ಗುರಿ ಹಿಡಿಯುವುದರಲ್ಲೇ ಮಕ್ಕಳು ನಿದ್ದೆ ಹೋಗುತ್ತಾರೆ. ಒಂದು 10×50 ಬೈನಾಕ್ಯುಲರ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿಲಿಮೀಟರ್ ಅಗಲದ ಲೆನ್ಸಿನದು, ಸಾಕು, ಹಗಲು ಹಕ್ಕಿಗೂ ಆಗುತ್ತೆ. ಅದಕ್ಕಿಂತ ಮುಖ್ಯ ಕತ್ತಲು. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ಒಬ್ಬರು ಫೋನ್ ನೋಡಿದರೆ ಮತ್ತೆ ಮೊದಲಿಂದ. ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಪೇಪರ್ ಕಟ್ಟಿ, ಫೋನುಗಳನ್ನು ಚೀಲಕ್ಕೆ ಹಾಕಿಸಿ. ಚಳಿಗೆ ಬ್ಯಾಟರಿ ಹೇಗೂ ಬೇಗ ಇಳಿಯುತ್ತೆ.

ಮ್ಯಾಟ್ ಮೇಲೆ ಎಲ್ಲರೂ ಅಂಗಾತ ಮಲಗಿ. ಒಂದೇ ಸಾಲಲ್ಲಿ, ಒಂದೇ ಅಂತರದಲ್ಲಿ ಮೂರು ನಕ್ಷತ್ರ ಹುಡುಕಿ. ಅದು ಮಹಾವ್ಯಾಧನ, ಅಂದರೆ ಓರಿಯನ್ ಅನ್ನುವ ಬೇಟೆಗಾರ ನಕ್ಷತ್ರಪುಂಜದ, ನಡುಪಟ್ಟಿ. ಪಟ್ಟಿಯ ಒಂದು ಪಕ್ಕ ಕೆಂಪಗೆ ಆರ್ದ್ರೆ, ಇನ್ನೊಂದು ಪಕ್ಕ ನೀಲಿ ಬಿಳುಪಿನ ರೈಜೆಲ್. ನಕ್ಷತ್ರಕ್ಕೂ ಬಣ್ಣ ಇದೆ ಅಂತ ಮಕ್ಕಳಿಗೆ ಅಲ್ಲೇ ಗೊತ್ತಾಗುತ್ತೆ. 2019ರ ಕೊನೆಯಿಂದ 2020ರ ಶುರುವಿನವರೆಗೆ ಈ ಆರ್ದ್ರೆ ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಗಿತ್ತು, ಸಿಡಿದೇಬಿಡುತ್ತೆ ಅಂತ ಗುಲ್ಲೋ ಗುಲ್ಲು. ಕೊನೆಗೆ ನೋಡಿದರೆ ಅದು ತಾನೇ ಉಗುಳಿದ ಧೂಳಿಂದ ಮುಖ ಮುಚ್ಚಿಕೊಂಡಿತ್ತು. ಪಟ್ಟಿಯ ಕೆಳಗೆ ತೂಗುವ ಕತ್ತಿಯ ಕಡೆ ಬೈನಾಕ್ಯುಲರ್ ತಿರುಗಿಸಿದರೆ ಒಂದು ಮಸುಕು ಮಚ್ಚೆ, ಉಸಿರು ಬಿಟ್ಟ ಕನ್ನಡಿ ಥರ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ.

ಆ ಮೂರರ ಸಾಲನ್ನು ಒಂದು ಕಡೆ ನೇರ ಎಳೆದರೆ ರೋಹಿಣಿ, ಹಾಗೇ ಮುಂದೆ ಹೋದರೆ ಕೃತ್ತಿಕೆಯ ಗೊಂಚಲು. ಯಾರಿಗೆ ಎಷ್ಟು ಕಾಣುತ್ತೆ ಅಂತ ಎಣಿಸಲಿ, ಜಗಳ ಗ್ಯಾರಂಟಿ. ಇನ್ನೊಂದು ಕಡೆ ಎಳೆದರೆ ಲುಬ್ಧಕ, ಅಂದರೆ ಸಿರಿಯಸ್, ಇಡೀ ರಾತ್ರಿ ಆಕಾಶದಲ್ಲಿ ಅದರಷ್ಟು ಹೊಳೆಯುವ ನಕ್ಷತ್ರ ಬೇರೆ ಇಲ್ಲ. ಅದರ ಬೆಳಕು ಇಲ್ಲಿಗೆ ಬರಲು 8.6 ವರ್ಷ ಬೇಕು. ನಮ್ಮ ಪುಟ್ಟಿಗೆ ಈಗ ಎಂಟೂವರೆ ಅಲ್ವಾ? ಅವಳು ಹುಟ್ಟಿದ ಹೊತ್ತಿಗೆ ಅಲ್ಲಿಂದ ಹೊರಟ ಬೆಳಕು ಈಗ ಬಂದು ಅವಳ ಕಣ್ಣಿಗೆ ಬೀಳುತ್ತೆ. ಇದನ್ನು ನೀವು ಹೇಳಬೇಡಿ, ನಾನೇ ಫೋನಲ್ಲಿ ಹೇಳುತ್ತೇನೆ.

ರಜೆ ಯಾವತ್ತು ಹಾಕುವುದು ಇನ್ನೂ ತೀರ್ಮಾನ ಆಗಿಲ್ಲ ಅಂದಿರಿ. ಹಾಗಾದರೆ ಡಿಸೆಂಬರ್ 13, 14ರ ಆಸುಪಾಸು ನೋಡಿ. ಜೆಮಿನಿಡ್ ಉಲ್ಕೆಗಳು ಹೆಚ್ಚು ಬೀಳುವ ರಾತ್ರಿಗಳು ಅವು. ಸಾಮಾನ್ಯವಾಗಿ ಉಲ್ಕಾವೃಷ್ಟಿ ಅಂದರೆ ಧೂಮಕೇತು ಬಿಟ್ಟುಹೋದ ಧೂಳು. ಇದು ಮಾತ್ರ ಫೇಥಾನ್ ಅನ್ನುವ ಕ್ಷುದ್ರಗ್ರಹದ್ದು, ಅದು ಸಿಕ್ಕಿದ್ದೇ 1983ರಲ್ಲಿ. ಬೇರೆ ಕೆಲವು ಉಲ್ಕೆಗಳಿಗಿಂತ ನಿಧಾನ, ಸೆಕೆಂಡಿಗೆ ಸುಮಾರು 35 ಕಿಲೋಮೀಟರ್. ಹಾಗಾಗಿ "ಅಲ್ಲಿ ನೋಡು" ಅನ್ನುವಷ್ಟರಲ್ಲಿ ಕೆಲವು ಇನ್ನೂ ಅಲ್ಲೇ ಇರುತ್ತವೆ. ಚಂದ್ರ ದೊಡ್ಡದಿದ್ದರೆ ಸಣ್ಣವು ಕಾಣಲ್ಲ, ಕ್ಯಾಲೆಂಡರ್ ನೋಡಿಕೊಳ್ಳಿ.

ಬೆಳಿಗ್ಗೆ ಬೇಗ ಹೊರಡುವ ಗಡಿಬಿಡಿ ಬೇಡ. ಹೋದ ವರ್ಷ ಬಿಸಿಲು ಬೀಳುವ ಮೊದಲು ಹುಲ್ಲಿನ ಮೇಲೆ ಒಂದು ಚಿಟ್ಟೆ ಸಿಕ್ಕಿತು. ರೆಕ್ಕೆ ಮೇಲೆಲ್ಲ ಇಬ್ಬನಿ, ಸಾಸಿವೆಗಿಂತ ಚಿಕ್ಕ ಹನಿಗಳು. ಸತ್ತಿದೆ ಅಂದ ನನ್ನ ಮಗ. ಮುಟ್ಟಬೇಡ, ಸುಮ್ನೆ ಕೂತ್ಕೋ ಅಂದೆ. ಬಿಸಿಲು ಅದರ ಮೇಲೆ ಬಂತು. ಮೊದಲು ಒಂದು ಕಾಲು ಅಲ್ಲಾಡಿತು. ಆಮೇಲೆ ರೆಕ್ಕೆ ಪೂರ್ತಿ ಬಿಚ್ಚಿ ಬಿಸಿಲಿಗೆ ಹಿಡಿಯಿತು. ಅದಕ್ಕೆ ಮೈಯೊಳಗೆ ನಮ್ಮ ಥರ ಬಿಸಿ ಇಲ್ಲ, ಸೂರ್ಯನೇ ಕೊಡಬೇಕು. ಇಪ್ಪತ್ತು ನಿಮಿಷ ಬಿಟ್ಟು ಹಾರಿತು. ಐದು ನಿಮಿಷ ಸುಮ್ಮನಿರದ ಹುಡುಗ ಅಷ್ಟು ಹೊತ್ತು ಕದಲಲಿಲ್ಲ. ಹಕ್ಕಿಗಳೂ ಆಗ ಗರಿ ಉಬ್ಬಿಸಿ ಉಂಡೆಯಾಗಿ ಕೂತಿರುತ್ತವೆ, ಅವುಗಳದ್ದೂ ಅದೇ ಕಂಬಳಿ ಲೆಕ್ಕ, ಗರಿಯೊಳಗಿನ ಗಾಳಿ. ಫೋಟೋಗೆ ಅಂತ ಹತ್ತಿರ ಹೋಗಿ ಎಬ್ಬಿಸಬೇಡಿ, ರಾತ್ರಿಯೆಲ್ಲ ಕೊಬ್ಬು ಕರಗಿಸಿ ಸುಸ್ತಾಗಿರುತ್ತವೆ.

ಮ್ಯಾಟ್ ನನ್ನ ಹತ್ತಿರ ನಾಲ್ಕು ಇವೆ, ಶನಿವಾರ ತಂದು ಕೊಡುತ್ತೇನೆ. ಅಣ್ಣನಿಗೆ ಬೇಕಾದರೆ ಕಂಬಳಿಯೇ ಇರಲಿ, ಅವನು ಹಳ್ಳದ ಪಕ್ಕ ಮಲಗಲಿ.