ಕ್ಲಸ್ಟರ್‌ನಲ್ಲಿ ಜಾಬ್ ಬೇಗ ಶುರುವಾಗಲು ಏನು ಮಾಡಬೇಕು?

ಪ್ರಶ್ನೆ: ಪಿಎಚ್‌ಡಿ ಮೊದಲ ವರ್ಷ. ಗ್ರೋಮ್ಯಾಕ್ಸ್‌ನಲ್ಲಿ (ಅಣುಗಳ ಚಲನೆ ಲೆಕ್ಕಹಾಕುವ ಸಾಫ್ಟ್‌ವೇರ್) ಪ್ರೋಟೀನ್ ಸಿಮ್ಯುಲೇಶನ್ ಮಾಡಲು ವಿಶ್ವವಿದ್ಯಾಲಯದ ಕ್ಲಸ್ಟರ್‌ನಲ್ಲಿ, ಅಂದರೆ ಜೋಡಿಸಿಟ್ಟ ಕಂಪ್ಯೂಟರ್‌ಗಳ ಗುಂಪಿನಲ್ಲಿ, ಅಕೌಂಟ್ ಸಿಕ್ಕಿದೆ. ಅಲ್ಲಿ ಯಾರ ಜಾಬ್ (ಓಡಿಸಲು ಕೊಟ್ಟ ಕೆಲಸ) ಯಾವಾಗ ಓಡಬೇಕು ಅಂತ ಸರದಿ ನಿರ್ಧರಿಸುವ ಸ್ಲರ್ಮ್ ಸಾಫ್ಟ್‌ವೇರ್ ಇದೆ. ಜಾಬ್ ಹಾಕಿದರೆ ದಿನಗಟ್ಟಲೆ ಪೆಂಡಿಂಗ್. ಬಳಸಿದವರು ಹೇಳಿ.

ಕೊನೇ ವರ್ಷದ ಪಿಎಚ್‌ಡಿ: ಎಷ್ಟು ಟೈಮ್ ಕೇಳಿದ್ದೀರಿ ಅಂತ ಮೊದಲು ನೋಡಿ. ಸುಮಾರು ಜನ ಸುಮ್ನೆ ಗರಿಷ್ಠ ಮಿತಿಯನ್ನೇ ಬರೆದುಬಿಡುತ್ತಾರೆ. ದೊಡ್ಡ ಜಾಬ್ ಒಂದಕ್ಕೆ ಸ್ಲರ್ಮ್ ನೋಡ್‌ಗಳನ್ನು (ಕ್ಲಸ್ಟರ್‌ನ ಒಂದೊಂದು ಕಂಪ್ಯೂಟರ್) ಕಾದಿರಿಸುತ್ತಾ ಬರುವಾಗ, ಮೊದಲು ಬಿಡುವಾದ ನೋಡ್‌ಗಳು ಸ್ವಲ್ಪ ಹೊತ್ತು ಖಾಲಿ ಕೂತಿರುತ್ತವೆ. ಅಷ್ಟರೊಳಗೆ ಮುಗಿಯುವ ಚಿಕ್ಕ ಜಾಬ್ ಹಿಂದೆ ಇದ್ದರೆ ಅದನ್ನು ಮೊದಲೇ ಓಡಿಸುತ್ತದೆ. ಇದೇ ಬ್ಯಾಕ್‌ಫಿಲ್. ಮೂರು ದಿನ ಕೇಳಿದ ಜಾಬ್‌ಗೆ ಆ ಸಂದಿ ಸಿಗುವುದು ಕಷ್ಟ, ಆರು ಗಂಟೆಯದಕ್ಕೆ ಸುಲಭ.

ನಿಮ್ಮ ಸಿಮ್ಯುಲೇಶನ್ ಉದ್ದ ಇದ್ದರೂ ಪರವಾಗಿಲ್ಲ, ತುಂಡು ಮಾಡಿ. ಗ್ರೋಮ್ಯಾಕ್ಸ್ ತಾನಾಗಿಯೇ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಬರೆಯುತ್ತದೆ, ಅಂದರೆ ಅಲ್ಲಿಯವರೆಗಿನ ಸ್ಥಿತಿಯನ್ನು ಫೈಲಿನಲ್ಲಿ ಉಳಿಸುತ್ತದೆ. 'ಮ್ಯಾಕ್ಸ್‌ಎಚ್' ಆಯ್ಕೆಯಲ್ಲಿ ಗಂಟೆ ಕೊಟ್ಟರೆ ಟೈಮ್ ಮುಗಿಯುವ ಮುಂಚೆ ಸರಿಯಾಗಿ ನಿಲ್ಲುತ್ತದೆ. ಮುಂದಿನ ಜಾಬ್‌ಗೆ 'ಸಿಪಿಐ' ಆಯ್ಕೆಯಲ್ಲಿ ಆ ಚೆಕ್‌ಪಾಯಿಂಟ್ ಫೈಲ್ ಕೊಟ್ಟರೆ ಅಲ್ಲಿಂದಲೇ ಮುಂದುವರಿಸುತ್ತದೆ. ಜಾಬ್‌ಗಳನ್ನು ಡಿಪೆಂಡೆನ್ಸಿ (ಒಂದು ಮುಗಿದ ಮೇಲೆ ಇನ್ನೊಂದು ಎಂಬ ಷರತ್ತು) ಹಾಕಿ ಒಂದರ ಹಿಂದೆ ಒಂದು ಪೋಣಿಸಿಟ್ಟರೆ ರಾತ್ರಿ ಎದ್ದು ನೋಡುವ ಕೆಲಸವೂ ಇಲ್ಲ.

ಹವಾಮಾನ ಮಾಡೆಲ್ ಓಡಿಸುವವರು: ಮೇಲಿನದು ಸರಿ, ಆದರೆ ಕಾರಣ ನೋಡದೆ ಏನೂ ಬದಲಿಸಬೇಡಿ. 'ಎಸ್‌ಕ್ಯೂ' (squeue) ಕಮಾಂಡ್ ತೋರಿಸುವ ಪಟ್ಟಿಯ ಕೊನೆಯ ಕಾಲಮ್‌ನಲ್ಲಿ ಬರೆದಿರುತ್ತದೆ. 'ರಿಸೋರ್ಸಸ್' ಅಂದರೆ ಜಾಗ ಖಾಲಿಯಾಗುವುದನ್ನು ಕಾಯುತ್ತಿದೆ. 'ಪ್ರಯಾರಿಟಿ' ಅಂದರೆ ನಿಮಗಿಂತ ಮುಂದೆ ಬೇರೆ ಜಾಬ್‌ಗಳಿವೆ. ಫೇರ್‌ಶೇರ್ (ಈಚೆಗೆ ಜಾಸ್ತಿ ಬಳಸಿದವರನ್ನು ಹಿಂದೆ ಸರಿಸುವ ಪದ್ಧತಿ) ಇರುವ ಕಡೆ ನಿಮ್ಮ ಗುಂಪಿನ ಸೀನಿಯರ್ ಕಳೆದ ವಾರ ಜಾಸ್ತಿ ಓಡಿಸಿದ್ದರೂ ನಿಮ್ಮ ಸರದಿ ಹಿಂದೆ ಹೋಗಬಹುದು. ಲ್ಯಾಬ್‌ನಲ್ಲಿ ಮಾತಾಡಿಕೊಳ್ಳಿ! ದೊಡ್ಡ ಯಂತ್ರ ಸಿಕ್ಕರೆ ಕಾಯುವುದು ತಪ್ಪುತ್ತದೆ ಅಂದುಕೊಳ್ಳಬೇಡಿ. ಐಐಎಸ್‌ಸಿಯ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ 3.3 ಪೆಟಾಫ್ಲಾಪ್‌ (ಲೆಕ್ಕ ಮಾಡುವ ವೇಗದ ಅಳತೆ) ಸಾಮರ್ಥ್ಯದ್ದು, ಅಲ್ಲೂ ಸರದಿಯಲ್ಲೇ ನಿಲ್ಲಬೇಕು.

ಮತ್ತೊಬ್ಬರು: ಜಾಸ್ತಿ ಕೋರ್ (ಪ್ರೊಸೆಸರ್‌ನೊಳಗಿನ ಲೆಕ್ಕ ಮಾಡುವ ಘಟಕ) ಕೊಟ್ಟರೆ ಜಾಸ್ತಿ ವೇಗ ಅಂತಿಲ್ಲ. ಚಿಕ್ಕ ಪ್ರೋಟೀನ್‌ಗೆ ಒಂದು ಹಂತ ದಾಟಿದ ಮೇಲೆ ಕೋರ್‌ಗಳು ಮಾತಾಡಿಕೊಳ್ಳುವುದರಲ್ಲೇ ಸಮಯ ಹೋಗುತ್ತದೆ. 8, 16, 32 ಕೋರ್‌ಗಳಲ್ಲಿ ಹತ್ತತ್ತು ನಿಮಿಷ ಓಡಿಸಿ, ದಿನಕ್ಕೆ ಎಷ್ಟು ನ್ಯಾನೋಸೆಕೆಂಡ್‌ನ ಸಿಮ್ಯುಲೇಶನ್ ಆಗುತ್ತದೆ ಅಂತ ಲಾಗ್ ಫೈಲಿನ ಕೊನೆಯಲ್ಲಿ ನೋಡಿ.

ಕ್ಲಸ್ಟರ್ ನೋಡಿಕೊಳ್ಳುವವರು: ಆ ಹತ್ತು ನಿಮಿಷದ ಟೆಸ್ಟನ್ನೂ ಲಾಗಿನ್ ನೋಡ್‌ನಲ್ಲಿ (ಎಲ್ಲರೂ ಮೊದಲು ಒಳಬರುವ ಕಂಪ್ಯೂಟರ್) ಓಡಿಸಬೇಡಿ, ದಯವಿಟ್ಟು. ಎಲ್ಲರ ಟರ್ಮಿನಲ್ ನಿಧಾನವಾಗುತ್ತದೆ, ನಾವು ಹೇಳದೆ ಕೇಳದೆ ಕಿಲ್ ಮಾಡುತ್ತೇವೆ. ಚಿಕ್ಕ ಟೆಸ್ಟ್‌ಗಳಿಗೆ ಮೀಸಲಿಟ್ಟ ನೋಡ್‌ಗಳು, ಅಂದರೆ ಡಿಬಗ್ ಪಾರ್ಟಿಷನ್, ಇದೆಯಾ ಕೇಳಿ. ಸ್ಕ್ರ್ಯಾಚ್‌ಗೆ (ಜಾಬ್‌ಗಳ ಫೈಲ್ ಇಡುವ ತಾತ್ಕಾಲಿಕ ಜಾಗ) ಸಾಮಾನ್ಯವಾಗಿ ಬ್ಯಾಕಪ್ ಇರುವುದಿಲ್ಲ, ಹಳೆಯ ಫೈಲ್‌ಗಳು ಅಳಿಸಿಹೋಗುತ್ತವೆ. ಟ್ರಾಜೆಕ್ಟರಿಗಳನ್ನು (ಸಿಮ್ಯುಲೇಶನ್‌ನಲ್ಲಿ ಅಣುಗಳು ಚಲಿಸಿದ ದಾಖಲೆಯ ಫೈಲ್‌ಗಳು) ವಾರವಾರ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.